ಪರಂಗಿಯವರು ಆಳಿದ ಊರು ನೋಡಬೇಕಾ? ಗೋವೆಯೋ, ಕೊಚ್ಚಿಯೋ, ಪುದುಚೇರಿಯೋ

ಹಳದಿ ಗೋಡೆ, ನೀಲಿ ಬಾಗಿಲು, ಪಕ್ಕದಲ್ಲಿ ಒರಗಿಸಿಟ್ಟ ಸೈಕಲ್. ಫೋಟೋದಲ್ಲಿ ನೋಡಿದರೆ ಪಣಜಿಯ ಬೀದಿ ಯಾವುದು, ಪುದುಚೇರಿಯ ಬೀದಿ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಆದ್ದರಿಂದ ಫೋಟೋ ನೋಡಿ ಊರು ಆರಿಸಬೇಡಿ.

ನಾನು ಆರಿಸುವ ಲೆಕ್ಕ ಬೇರೆ. ಯುರೋಪಿನವರು ಆಳಿದ ಊರಿನೊಳಗೆ ಎರಡು ಊರು ಇರುತ್ತವೆ. ಒಂದು ಆಳಿದವರದ್ದು, ಇನ್ನೊಂದು ಅವರ ಕೈಕೆಳಗೆ ಬದುಕಿದವರದ್ದು. ಮೊದಲನೆಯದಕ್ಕೆ ಬೋರ್ಡು, ಟಿಕೆಟ್ಟು, ಕೆಫೆ ಎಲ್ಲ ಇರುತ್ತದೆ. ಎರಡನೆಯದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಅದು ಎಷ್ಟು ಉಳಿದಿದೆ? ನಡೆದೇ ಹೋಗಬಹುದಾ, ಗಾಡಿ ಬೇಕಾ? ಈ ಎರಡು ಪ್ರಶ್ನೆ ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದ ಹಾಗೆ.

ಕರ್ನಾಟಕದಿಂದ ಮೂರು ನಾಲ್ಕು ದಿನದ ರಜೆಯಲ್ಲಿ ಹೋಗಿಬರಬಹುದಾದ ಊರುಗಳನ್ನಷ್ಟೇ ಇಲ್ಲಿ ತೂಗುತ್ತೇನೆ. ಪೋರ್ಚುಗೀಸರ ಗೋವಾ, ಮೂರು ದೇಶದವರು ಸರದಿಯ ಮೇಲೆ ಆಳಿದ ಕೊಚ್ಚಿ, ಫ್ರೆಂಚರ ಪುದುಚೇರಿ, ಅದರ ಕೆಳಗಿರುವ ಡೇನರ (ಡೆನ್ಮಾರ್ಕಿನವರ) ತರಂಗಂಬಾಡಿ. ಕೊನೆಗೆ ನಮ್ಮದೇ ಶ್ರೀರಂಗಪಟ್ಟಣ.

ಗೋವಾ: ಚರ್ಚು ಇಲ್ಲಿ, ದೇವಸ್ಥಾನ ಅಲ್ಲಿ

ಕಟ್ಟಡಗಳ ಗಾತ್ರ ನೋಡಿ ಬೆರಗಾಗಬೇಕು ಅಂದರೆ ಹಳೇ ಗೋವಾಕ್ಕೆ ಸಾಟಿ ಇಲ್ಲ. ಉಳಿದ ಮೂರೂ ಅದರ ಮುಂದೆ ಚಿಕ್ಕವು. ಬಾಮ್ ಜೀಸಸ್ ಬೆಸಿಲಿಕಾ ಕಟ್ಟಲು ಶುರು ಮಾಡಿದ್ದು 1594ರಲ್ಲಿ, ಮುಗಿದದ್ದು 1605ರಲ್ಲಿ. ಹೊರಗೋಡೆಗೆ ಈಗ ಗಾರೆ ಇಲ್ಲ. ಕೆಂಪು ಮುರಕಲ್ಲು ಹಾಗೇ ಕಾಣುತ್ತದೆ, ನಮ್ಮ ಕರಾವಳಿಯ ಮನೆಗಳದ್ದೇ ಕಲ್ಲು. 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇರುವುದು ಇದರೊಳಗೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಹಿಂದಿನ ಸಲ ನಡೆದದ್ದು 2024ರ ಕೊನೆಯಲ್ಲಿ. ಸದ್ಯಕ್ಕೆ ಆ ಜಾತ್ರೆಯ ನೂಕುನುಗ್ಗಲು ಇಲ್ಲ.

ರಸ್ತೆಯ ಆಚೆ ಸೇ ಕೆಥೆಡ್ರಲ್. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲೇ ಇಲ್ಲ. ಸ್ವಲ್ಪ ದೂರದ ದಿಬ್ಬದ ಮೇಲೆ ಸೇಂಟ್ ಆಗಸ್ಟಿನ್ ಗೋಪುರ, 46 ಮೀಟರ್ ಎತ್ತರ, ಒಂಟಿಯಾಗಿ ನಿಂತಿದೆ. ಜನ ಸಾಮಾನ್ಯವಾಗಿ ಬೆಸಿಲಿಕಾ ನೋಡಿ ವಾಪಸ್ ಬಸ್ಸು ಹತ್ತುತ್ತಾರೆ. ಹಾಗೆ ಮಾಡಬೇಡಿ, ಇಲ್ಲಿಗೆ ಹತ್ತಿ. ಇಷ್ಟು ದೊಡ್ಡ ನಗರ ಹೇಗೆ ಖಾಲಿಯಾಯಿತು ಅನ್ನುವುದು ಇಲ್ಲಿ ನಿಂತರೆ ಅರ್ಥವಾಗುತ್ತದೆ. ಜ್ವರ, ವಾಂತಿಭೇದಿ ಮತ್ತೆ ಮತ್ತೆ ಬಂದು ಜನ ಬಿಟ್ಟು ಹೋದರು. 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು.

ಇನ್ನು ಎರಡನೇ ಊರಿನ ಮಾತು. ಹಳೇ ಗೋವಾದಲ್ಲಿ ಅದು ಇಲ್ಲವೇ ಇಲ್ಲ ಅಂದರೂ ಸರಿ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಈ ಊರನ್ನು ಬಿಜಾಪುರದ ಆದಿಲ್ ಶಾಹಿಗಳಿಂದ ಕಿತ್ತುಕೊಂಡ. ದಾಳಿಗೆ ಹುರಿದುಂಬಿಸಿ ಜೊತೆಗೆ ಬಂದವನು ನಮ್ಮ ಹೊನ್ನಾವರ ಕಡೆಯ ತಿಮ್ಮಯ್ಯ. ಆದಿಲ್ ಶಾಹಿ ಅರಮನೆಯಲ್ಲಿ ಉಳಿದಿರುವುದು ಒಂದು ಬಾಗಿಲ ಚೌಕಟ್ಟು ಮಾತ್ರ. ಕಂಬ, ಮೇಲೊಂದು ಅಡ್ಡ ಕಲ್ಲು, ಅಷ್ಟೇ. ಪಕ್ಕದಲ್ಲೇ ಹಾದುಹೋದರೂ ಗಮನಕ್ಕೆ ಬರುವುದಿಲ್ಲ. 1560ರಲ್ಲಿ ಇಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ನ್ಯಾಯಾಲಯ ಶುರುವಾಯಿತು. ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೂ ನಡೆಯಿತು. ಆ ಕಟ್ಟಡವೂ ಇವತ್ತು ಇಲ್ಲ.

ಹಾಗಾದರೆ ಎರಡನೇ ಊರು ಎಲ್ಲಿ? ಪೋಂಡಾದಲ್ಲಿ. ದೇವಸ್ಥಾನಗಳನ್ನು ಕೆಡವಲು ಶುರು ಮಾಡಿದಾಗ ಜನ ರಾತ್ರೋರಾತ್ರಿ ದೇವರನ್ನು ಹೊತ್ತುಕೊಂಡು ನದಿ ದಾಟಿದರು. ಪೋಂಡಾ ಕಡೆ 18ನೇ ಶತಮಾನದವರೆಗೂ ಪೋರ್ಚುಗೀಸರ ಆಳ್ವಿಕೆ ಇರಲಿಲ್ಲ. ಮಂಗೇಶಿ ಬಂದದ್ದು ಕುಶಸ್ಥಳಿಯಿಂದ, ಶಾಂತಾದುರ್ಗೆ ಬಂದದ್ದು ಕೇಳೋಶಿಯಿಂದ. ದೇವರು ಪೋಂಡಾಕ್ಕೆ ಹೋದರೆ, ಜನರಲ್ಲಿ ಎಷ್ಟೋ ಮಂದಿ ತೆಂಕಣಕ್ಕೆ, ನಮ್ಮ ಕರಾವಳಿಗೆ ಇಳಿದರು. ಕಾರವಾರ, ಕುಮಟಾ, ಕುಂದಾಪುರ, ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಹಲವರ ಕುಲದೇವರು ಇವತ್ತಿಗೂ ಗೋವೆಯಲ್ಲೇ ಇರುವುದು ಇದೇ ಕಾರಣಕ್ಕೆ. ಮಂಗಳೂರಿನ ಕ್ಯಾಥೊಲಿಕರ ಮನೆತನಗಳೂ ಬಹುಪಾಲು ಗೋವೆಯಿಂದಲೇ ಬಂದವು. ಅಂದರೆ ಊರು ಬಿಟ್ಟವರಲ್ಲಿ ಎರಡೂ ಧರ್ಮದವರಿದ್ದರು. ಕಾರಣಗಳೂ ಒಂದೇ ಇರಲಿಲ್ಲ. ಯುದ್ಧ, ಬರ, ತೆರಿಗೆ ಎಲ್ಲವೂ ಸೇರಿತ್ತು.

ಅದಕ್ಕೇ ಹೇಳುವುದು, ಗೋವಾ ಆರಿಸಿದರೆ ಗಾಡಿ ಬೇಕೇ ಬೇಕು. ಒಂದು ದಿನ ಹಳೇ ಗೋವಾ, ಒಂದು ದಿನ ಪೋಂಡಾ. ಪಣಜಿಯ ಫೊಂಟೈನ್ಯಾಸ್ ಬೀದಿಗಳಿಗೆ ಒಂದು ಬೆಳಗ್ಗೆ ಸಾಕು. ಅಲ್ಲಿ ಜನ ವಾಸವಿದ್ದಾರೆ, ಅವರ ಜಗಲಿ ಹತ್ತಿ ಫೋಟೋ ತೆಗೆಯುವುದು ಬೇಡ. ಬೆಳಗ್ಗೆ ಸೈಕಲ್ ಮೇಲೆ ಹಾರ್ನ್ ಒತ್ತುತ್ತಾ ಬರುವ ಬ್ರೆಡ್ಡಿನವನ ಹತ್ತಿರ ಬಿಸಿ ಪೊಯ್ ತೆಗೆದುಕೊಳ್ಳಿ.

ಹುಬ್ಬಳ್ಳಿ ಕಡೆಯವರಿಗೆ ಇನ್ನೊಂದು ಲಾಭ. ರೈಲಿನಲ್ಲಿ ಹೋದರೆ ದಾರಿಯೇ ಚರಿತ್ರೆ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಬ್ರಿಟಿಷ್ ಇಂಡಿಯಾದ ಕಡೆಯ ಸ್ಟೇಷನ್ ಆಗಿತ್ತು. ಅದರಾಚೆ ಪೋರ್ಚುಗೀಸರ ನೆಲ. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆ ಆಗುವ ತನಕ ಅದು ಗಡಿ. ಘಟ್ಟ ಇಳಿಯುವಾಗ ದೂಧ್‌ಸಾಗರ ಪುಕ್ಕಟೆ ಸಿಗುತ್ತದೆ.

ಕೊಚ್ಚಿ: ಮೊದಲ ಸಲ ಹೋಗುವವರಿಗೆ ಇದೇ

ಒಂದೇ ಊರು ಹೇಳಿ ಅಂದರೆ ನಾನು ಕೊಚ್ಚಿ ಅನ್ನುತ್ತೇನೆ. ಇಲ್ಲಿ ಎರಡೂ ಊರನ್ನು ಕಾಲ್ನಡಿಗೆಯಲ್ಲೇ ನೋಡಬಹುದು. ಫೋರ್ಟ್ ಕೊಚ್ಚಿಯಲ್ಲಿ ಆಳಿದವರ ಚರ್ಚು, ಬಂಗಲೆ, ಸ್ಮಶಾನ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ನಡೆದರೆ ಮಟ್ಟಾಂಚೇರಿ. ಅಲ್ಲಿ ಮೆಣಸು, ಶುಂಠಿಯ ಗೋದಾಮು, ರಾಜರ ಅರಮನೆ, ಯಹೂದಿಗಳ ಬೀದಿ, ಕೊಂಕಣಿಗರ ದೇವಸ್ಥಾನ. ನಡೆಯಲು ಆಗದಿದ್ದರೆ ಆಟೋ ಇದೆ.

ಅಂದ ಹಾಗೆ ಫೋರ್ಟ್ ಕೊಚ್ಚಿಯಲ್ಲಿ ಫೋರ್ಟೇ ಇಲ್ಲ. ಬ್ರಿಟಿಷರು 1806ರಲ್ಲಿ ಅದನ್ನು ಒಡೆದುಹಾಕಿದರು. ಕೋಟೆ ಹತ್ತಿ ಸಮುದ್ರ ನೋಡುವ ಆಸೆ ಇದ್ದರೆ ಗೋವಾದ ಅಗ್ವಾಡಕ್ಕೆ ಹೋಗಿ.

ಇಲ್ಲಿ ನೋಡಲೇಬೇಕಾದದ್ದು ಸೇಂಟ್ ಫ್ರಾನ್ಸಿಸ್ ಚರ್ಚು. 1503ರಲ್ಲಿ ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಕಟ್ಟಿದರು. ಪೋರ್ಚುಗೀಸರ ಕಾಲದಲ್ಲಿ ಕ್ಯಾಥೊಲಿಕ್. 1663ರಲ್ಲಿ ಡಚ್ಚರು ಊರು ಹಿಡಿದ ಮೇಲೆ ಪ್ರಾಟೆಸ್ಟಂಟ್. 1795ರಲ್ಲಿ ಬ್ರಿಟಿಷರು ಬಂದ ಮೇಲೆ ಮುಂದೆ ಆಂಗ್ಲಿಕನ್. ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ್ದು. ಗೋಡೆಗೆ ನಿಲ್ಲಿಸಿರುವ ಸಮಾಧಿ ಕಲ್ಲುಗಳಲ್ಲಿ ಪೋರ್ಚುಗೀಸ್ ಒಂದು ಕಡೆ, ಡಚ್ ಇನ್ನೊಂದು ಕಡೆ. ಮೂರು ಆಳ್ವಿಕೆಯನ್ನು ಒಂದೇ ಸೂರಿನಡಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಹೂತದ್ದೂ ಇಲ್ಲೇ. ಹದಿನಾಲ್ಕು ವರ್ಷದ ನಂತರ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಜನ ಸಾಲುಗಟ್ಟಿ ನೋಡುವುದು ಖಾಲಿ ಸಮಾಧಿಯನ್ನು.

ಮಟ್ಟಾಂಚೇರಿ ಅರಮನೆಯನ್ನು ಎಲ್ಲರೂ ಡಚ್ ಪ್ಯಾಲೆಸ್ ಅನ್ನುತ್ತಾರೆ. ಕಟ್ಟಿಸಿಕೊಟ್ಟವರು ಪೋರ್ಚುಗೀಸರು, ಸುಮಾರು 1555ರಲ್ಲಿ. ಡಚ್ಚರು ರಿಪೇರಿ ಮಾಡಿಸಿದರು, ಹೆಸರು ಅವರದ್ದಾಯಿತು! ಹೊರಗಿನಿಂದ ನೋಡಿದರೆ ಸಾದಾ ಕಟ್ಟಡ. ಒಳಗೆ ರಾಜರ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣದ ಚಿತ್ರಗಳು. ಇಲ್ಲಿ ಆತುರ ಮಾಡಬೇಡಿ.

1568ರ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಹತ್ತಿರದಲ್ಲೇ ಇದೆ. ನೆಲಕ್ಕೆ ಚೀನಾದಿಂದ ತರಿಸಿದ, ಕೈಯಲ್ಲಿ ಬಣ್ಣ ಬರೆದ ಟೈಲ್ಸ್. ಪೋರ್ಚುಗೀಸರು ಇದಕ್ಕೆ ಹಾನಿ ಮಾಡಿದ್ದರು, ಡಚ್ಚರು ಬಂದ ಮೇಲೆ ಮತ್ತೆ ಎದ್ದು ನಿಂತಿತು. ಇಸ್ರೇಲ್ ಹುಟ್ಟಿದ ಮೇಲೆ ಹೆಚ್ಚಿನ ಕುಟುಂಬಗಳು ಅಲ್ಲಿಗೆ ಹೊರಟವು. ಯಹೂದಿಗಳ ಬೀದಿಯಲ್ಲಿ ಈಗ ಬಹುತೇಕ ಅಂಗಡಿಗಳೇ.

ಗೋವೆಯಿಂದ ಓಡಿಬಂದ ಕೊಂಕಣಿಗರ ಇನ್ನೊಂದು ಗುಂಪು ನೆಲೆಸಿದ್ದು ಕೊಚ್ಚಿಯಲ್ಲಿ. ಚೆರಳಾಯಿಯ ತಿರುಮಲ ದೇವಸ್ಥಾನ ಅವರದ್ದು. ಡಚ್ಚರು ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 12 ಸಂಪುಟಗಳ ಪುಸ್ತಕ ಮಾಡಿಸಿದಾಗ ಈಳವ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ನೆರವಾದವರು ಮೂವರು ಕೊಂಕಣಿಗರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಹೆಸರು ಬಂದದ್ದು ಗವರ್ನರ್ ವಾನ್ ರೀಡೆಗೆ.

ಇದೇ ಮಟ್ಟಾಂಚೇರಿಯಲ್ಲಿ ಕಾಪ್ಪಿರಿ ಮುತ್ತಪ್ಪನ್ ಎಂಬ ಚಿಕ್ಕ ಗುಡಿ ಇದೆ. ಡಚ್ಚರು ಬರುತ್ತಾರೆ ಅಂತ ಗೊತ್ತಾದಾಗ ಪೋರ್ಚುಗೀಸರು ನಿಧಿ ಹೂತು, ಕಾವಲಿಗೆ ಆಫ್ರಿಕದ ಗುಲಾಮರನ್ನು ಕೊಂದು ಅಲ್ಲೇ ಹೂತರು ಅಂತ ಊರವರು ಹೇಳುತ್ತಾರೆ. ಅವರ ನೆನಪಿಗೆ ಜನ ಚುಟ್ಟಾ, ಸೇಂದಿ ಇಟ್ಟು ಕೈಮುಗಿಯುತ್ತಾರೆ. ಕಥೆ ನಿಜವೋ ಸುಳ್ಳೋ, ಪರಂಗಿಯವರ ಹಡಗಿನಲ್ಲಿ ಗುಲಾಮರೂ ಬಂದಿದ್ದರು ಅನ್ನುವುದನ್ನು ನೆನಪಿಸುವ ಗುರುತು ಈ ಗುಡಿಯಷ್ಟು ಗಟ್ಟಿಯಾಗಿ ಉಳಿದ ಮೂರು ಊರಲ್ಲಿ ನನಗೆ ಕಂಡಿಲ್ಲ.

ಒಂದು ಎಚ್ಚರಿಕೆ. ಅರಮನೆಗೆ ಶುಕ್ರವಾರ ರಜೆ. ಸಿನಗಾಗ್‌ಗೆ ಶುಕ್ರವಾರ, ಶನಿವಾರ ಎರಡೂ ರಜೆ, ಯಹೂದಿ ಹಬ್ಬಗಳಲ್ಲೂ ಮುಚ್ಚಿರುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು ಶನಿವಾರ ಚರ್ಚು, ಅರಮನೆ ಮುಗಿಸಿ ಭಾನುವಾರಕ್ಕೆ ಸಿನಗಾಗ್ ಇಟ್ಟುಕೊಳ್ಳಿ. ಎರ್ನಾಕುಲಂನಲ್ಲಿ ಇಳಿದು ಫೋರ್ಟ್ ಕೊಚ್ಚಿಗೆ ಟ್ಯಾಕ್ಸಿ ಹಿಡಿಯುವುದು ದಂಡ. ಬೋಟ್ ಇದೆ, ವಾಟರ್ ಮೆಟ್ರೋ ಇದೆ. ಅಗ್ಗ, ಟ್ರಾಫಿಕ್ಕೂ ಇಲ್ಲ.

ಪುದುಚೇರಿ: ಕಾಲುವೆ ದಾಟಿ

ಬೆಂಗಳೂರಿನಿಂದ ಪಾಂಡಿಗೆ ಜಾಸ್ತಿ ಜನ ಹೋಗುವುದು ಚರಿತ್ರೆ ನೋಡಲು ಅಲ್ಲ, ಅಗ್ಗದ ಎಣ್ಣೆಗೆ. ಎಲ್ಲರಿಗೂ ಗೊತ್ತಿರುವ ವಿಷಯ. ಅದರಿಂದಾಗಿ ವಾರಾಂತ್ಯದಲ್ಲಿ ರೂಮು ದುಬಾರಿ, ಬೀಚ್ ರಸ್ತೆ ತುಂಬ ಜನ. ವಾರದ ನಡುವೆ ಹೋಗಲು ಸಾಧ್ಯವಿದ್ದರೆ ಮಾತ್ರ ಇದನ್ನು ಕೊಚ್ಚಿಯ ಜೊತೆ ತೂಗಿ.

ಊರಿನ ನಕ್ಷೆ ತುಂಬ ಸುಲಭ. ನಡುವೆ ಒಂದು ಕಾಲುವೆ. ಸಮುದ್ರದ ಕಡೆ ಬಿಳಿಯರ ಊರು, ಈಚೆ ಕಡೆ ತಮಿಳರ ಊರು. ಎರಡು ಊರಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದದ್ದು ಬೇರೆಲ್ಲೂ ಕಾಣುವುದಿಲ್ಲ. ಹತ್ತು ನಿಮಿಷದ ನಡಿಗೆ. ಆದರೂ ಪ್ರವಾಸಿಗರಲ್ಲಿ ಮುಕ್ಕಾಲು ಮಂದಿ ಕಾಲುವೆ ದಾಟುವುದೇ ಇಲ್ಲ.

ಬಿಳಿಯರ ಊರಿನ ಬಗ್ಗೆ ಒಂದು ಮಾತು. 1761ರಲ್ಲಿ ಬ್ರಿಟಿಷರು ಪುದುಚೇರಿಯನ್ನು ಹಿಡಿದು ನೆಲಸಮ ಮಾಡಿದ್ದರು. ಫ್ರೆಂಚ್ ಗವರ್ನರ್ ಡ್ಯೂಪ್ಲೆ ಓಡಾಡಿದ ಊರು ಈಗ ಇಲ್ಲ. ನಾವು ನೋಡುವುದು ಆಮೇಲೆ ಫ್ರೆಂಚರಿಗೆ ವಾಪಸ್ ಸಿಕ್ಕಿ, ಮತ್ತೆ ಕಟ್ಟಿದ್ದು. ಚೆಂದ ಇದೆ, ಸಂಜೆ ಹೊತ್ತು ಸುಮ್ನೆ ಸುತ್ತಲು ಹಿತ. ಆದರೆ ಹಳೇ ಗೋವಾದ ಎದೆ ನಡುಗಿಸುವ ಗಾತ್ರ ಇಲ್ಲಿ ಹುಡುಕಬೇಡಿ.

ಕಾಲುವೆ ಈಚೆ ಬಂದರೆ ಮನೆಗಳ ಮುಂದೆ ಕಂಬದ ಜಗಲಿ, ದಾರಿಹೋಕರಿಗೆ ನೆರಳು. ವೈಶ್ಯಾಳ್ ಬೀದಿಯಲ್ಲಿ ಹಳೆ ಮನೆಗಳನ್ನು ಚೆನ್ನಾಗಿ ರಿಪೇರಿ ಮಾಡಿಟ್ಟಿದ್ದಾರೆ. ಡ್ಯೂಪ್ಲೆಯ ದುಭಾಷಿ ಆನಂದರಂಗ ಪಿಳ್ಳೆಯ ಮನೆಯೂ ಈ ಕಡೆಯೇ. 1736ರಿಂದ 1761ರವರೆಗೆ ಆತ ತಮಿಳಿನಲ್ಲಿ ದಿನಚರಿ ಬರೆದ. ಆಳಿದವರನ್ನು ಪಕ್ಕದಲ್ಲೇ ಕೂತು ನೋಡಿದ ನಮ್ಮವನೊಬ್ಬನ ಮಾತು ಇಷ್ಟು ವಿವರವಾಗಿ ಉಳಿದಿರುವುದು ತೀರಾ ಅಪರೂಪ. 1748ರಲ್ಲಿ ವೇದಪುರೀಶ್ವರ ದೇವಸ್ಥಾನವನ್ನು ಕೆಡವಿದ್ದು ಅದರಲ್ಲಿ ಬರುತ್ತದೆ. ಮಿಷನ್ ಬೀದಿಯ ದೊಡ್ಡ ಚರ್ಚಿನ ಪಕ್ಕದಲ್ಲಿದ್ದ ದೇವಸ್ಥಾನ ಅದು. ಈಗಿನದ್ದು ಆಮೇಲೆ ಬೇರೆ ಜಾಗದಲ್ಲಿ ಕಟ್ಟಿದ್ದು.

ಇನ್ನೊಂದು ವಿಚಿತ್ರ. ಬ್ರಿಟಿಷರಿಂದ ತಪ್ಪಿಸಿಕೊಳ್ಳಲು ನಮ್ಮವರು ಫ್ರೆಂಚರ ಊರಿಗೆ ಓಡಿಬಂದರು. 1908ರಲ್ಲಿ ಸುಬ್ರಹ್ಮಣ್ಯ ಭಾರತಿ, 1910ರಲ್ಲಿ ಅರವಿಂದರು. ಒಬ್ಬ ಪರಂಗಿಯ ಕೈಯಿಂದ ಇನ್ನೊಬ್ಬ ಪರಂಗಿಯ ನೆರಳಿಗೆ! ಕೊನೆಗೆ ಫ್ರೆಂಚರು ಹೋದದ್ದು ಮತದಿಂದ. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು. 170 ಮಂದಿ ಭಾರತದ ಕಡೆ. ಅದೇ ನವೆಂಬರ್ 1ಕ್ಕೆ ಆಡಳಿತ ನಮ್ಮ ಕೈಗೆ ಬಂತು. ಗೋವೆಗೆ ಸೈನ್ಯ ನುಗ್ಗಬೇಕಾಯಿತು, ಇಲ್ಲಿ ಬೇಕಾಗಲಿಲ್ಲ.

ಕಾರಿನಲ್ಲಿ ಹೋಗುವುದಾದರೆ ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ, ತಿಂಡಿವನಂ ದಾರಿ. ಬೆಂಗಳೂರಿನಿಂದ ಸುಮಾರು 310 ಕಿಲೋಮೀಟರ್. ಜಿಂಜಿ ಕೋಟೆಗೆ ಅರ್ಧ ದಿನ ಇಡಿ. ನೀರಿನ ಬಾಟಲಿ ಜಾಸ್ತಿಯೇ ಇರಲಿ.

ಇನ್ನೂ 120 ಕಿಲೋಮೀಟರ್ ಮುಂದೆ: ತರಂಗಂಬಾಡಿ

ಇದನ್ನು ಒಂದೇ ಊರಾಗಿ ಆರಿಸಿಕೊಂಡು ಹೋಗಿ ಅಂತ ಹೇಳಲಾರೆ. ಪುದುಚೇರಿ, ಚಿದಂಬರಂ ಜೊತೆ ಸೇರಿಸಿಕೊಂಡರೆ ಮಾತ್ರ ಲಾಭ. ಆದರೆ ಜನಜಂಗುಳಿ ಕಂಡರೆ ಆಗದವರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ.

1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೇನರು ಸಮುದ್ರದ ದಡದಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1845ರಲ್ಲಿ ಬಂಗಾಳದ ಶ್ರೀರಾಂಪುರದ ಜೊತೆಗೆ ಇದನ್ನೂ ಬ್ರಿಟಿಷರಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಮಾರಿ ಹೊರಟರು. ಊರಿನ ಜನರನ್ನು ಯಾರೂ ಕೇಳಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಬ್ರಿಟಿಷರಿಗೆ ಈ ಬಂದರು ಬೇಕಾಗಿರಲಿಲ್ಲ. ಹಾಗಾಗಿ ಊರು ಬೆಳೆಯಲಿಲ್ಲ, ಹಳೆಯದೆಲ್ಲ ಹಾಗೇ ಉಳಿಯಿತು. 1792ರ ಊರಬಾಗಿಲು, ಒಂದು ಉದ್ದದ ಬೀದಿ, ಎರಡು ಚರ್ಚು, ಕೋಟೆ. ಕೋಟೆಯಿಂದ ಸ್ವಲ್ಪ ನಡೆದರೆ ಮಾಸಿಲಾಮಣಿ ನಾಥರ ದೇವಸ್ಥಾನ, 1306ರ ಪಾಂಡ್ಯರ ಕಾಲದ್ದು. ಅದರ ಮುಂಭಾಗವನ್ನು ಸಮುದ್ರ ತಿಂದಿದೆ.

1706ರಲ್ಲಿ ಇಲ್ಲಿಗೆ ಬಂದ ಜರ್ಮನ್ ಪಾದ್ರಿ ಝೀಗನ್‌ಬಾಲ್ಗ್ ತಮಿಳು ಕಲಿತು ಅಚ್ಚುಕೂಟ ಹಾಕಿ ತಮಿಳಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕನ್ನಡಕ್ಕೆ ಮಾಡಿದ್ದನ್ನು ಇವರು ತಮಿಳಿಗೆ ನೂರು ವರ್ಷಕ್ಕೂ ಮೊದಲೇ ಮಾಡಿದ್ದರು. ಅಚ್ಚು, ಪುಸ್ತಕ ಅಂದರೆ ಆಸಕ್ತಿ ಇರುವವರು ಈ ಕಾರಣಕ್ಕಾಗಿಯೇ ಹೋಗಬಹುದು. ಊಟಕ್ಕೆ ಆಯ್ಕೆ ಕಡಿಮೆ. ಹತ್ತಿರದ ಕಾರೈಕಾಲ್‌ಗೆ ಹೋದರೆ ಹೋಟೆಲುಗಳಿವೆ. ಮೈಸೂರಿನಿಂದ ಬೆಂಗಳೂರು ಮೇಲೆ ಮಯಿಲಾಡುತುರೈಗೆ ರಾತ್ರಿ ರೈಲಿದೆ. ಅಲ್ಲಿಂದ ಬಸ್ಸು.

ನಿಮಗೆ ಯಾವುದು?

ಮೊದಲು ಕ್ಯಾಲೆಂಡರ್ ನೋಡಿ. ದಸರಾ ರಜೆ ಮುಗಿಯುವ ಹೊತ್ತಿಗೆ ತಮಿಳುನಾಡಿನ ಕರಾವಳಿಯಲ್ಲಿ ಹಿಂಗಾರು ಮಳೆ ಶುರು. ನವೆಂಬರ್, ಡಿಸೆಂಬರಿನಲ್ಲಿ ಚಂಡಮಾರುತದ ಭಯವೂ ಇದೆ. ಆಗ ಪಶ್ಚಿಮಕ್ಕೆ ಹೋಗಿ. ಡಿಸೆಂಬರ್ 31ರ ರಾತ್ರಿ ಫೋರ್ಟ್ ಕೊಚ್ಚಿಯಲ್ಲಿ ಪಾಪ್ಪಾಂಜಿ ಎಂಬ ದೊಡ್ಡ ಗೊಂಬೆಯನ್ನು ಸುಡುತ್ತಾರೆ. ಅದನ್ನು ನೋಡಬೇಕೆಂದರೆ ರೂಮು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ಗೋವಾಕ್ಕೆ ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ಹೋಗಲೇಬೇಡಿ, ಚರಿತ್ರೆ ನೋಡಲು ಅದು ಹೊತ್ತಲ್ಲ. ಮಳೆಗಾಲದ ಹಳೇ ಗೋವಾ ಮಾತ್ರ ನನಗೆ ತುಂಬ ಇಷ್ಟ. ಕೊಡೆ ಹಿಡಿದು ನಡೆಯುವುದಕ್ಕೆ ಬೇಸರ ಇಲ್ಲದಿದ್ದರೆ ಜುಲೈ, ಆಗಸ್ಟಿನಲ್ಲಿ ರೂಮೂ ಅಗ್ಗ, ಜನವೂ ಕಡಿಮೆ. ಜನವರಿ, ಫೆಬ್ರವರಿ ಎಲ್ಲ ಕಡೆಗೂ ಒಳ್ಳೆಯದು.

ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ ಪುದುಚೇರಿ ಸಲೀಸು. ಸಮತಟ್ಟು, ಹತ್ತಿರ ಹತ್ತಿರ, ಸಸ್ಯಾಹಾರಕ್ಕೂ ತೊಂದರೆ ಇಲ್ಲ. ಅವರಿಗೆ ದೇವಸ್ಥಾನ ಮುಖ್ಯವಾದರೆ ಗೋವಾದ ಪೋಂಡಾ, ಕಾರಿನಲ್ಲೇ. ಮಕ್ಕಳಿದ್ದರೆ ಕೊಚ್ಚಿ. ಬೋಟು, ಚೀನೀ ಬಲೆ, ಬಣ್ಣದ ಬೀದಿ ಅಂತ ಹೊತ್ತು ಹೋಗುತ್ತದೆ. ಒಬ್ಬರೇ ಬಸ್ಸು ರೈಲಿನಲ್ಲಿ ತಿರುಗುವವರಿಗೂ ಕೊಚ್ಚಿಯೇ.

ಇದೆಲ್ಲಕ್ಕೂ ಮೊದಲು

ಮೇಲಿನ ಯಾವುದಕ್ಕೂ ಟಿಕೆಟ್ ಮಾಡಿಸುವ ಮುಂಚೆ ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗಿ. ನೋಡಿದ್ದೇವೆ ಅಂತೀರಿ, ಗೊತ್ತು. ಶಾಲೆಯ ಟೂರಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಉಳಿದ ಊರುಗಳಲ್ಲಿ ವಸಾಹತು ಬೆಳೆದ ಮೇಲಿನದ್ದನ್ನು ನೋಡುತ್ತೇವೆ. ಇಲ್ಲಿ ಅದು ಗೆದ್ದು ಒಳನುಗ್ಗಿದ ದಿನವೇ ಕಣ್ಣೆದುರು ಇದೆ: 1799ರ ಮೇ 4. ಸಾಮಾನ್ಯವಾಗಿ ಗೆದ್ದವರ ಚಿತ್ರಗಳೇ ಗೋಡೆಯ ಮೇಲೆ ಇರುತ್ತವೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಹಾಗಲ್ಲ. 1780ರ ಪೊಲ್ಲಿಲೂರು ಯುದ್ಧದಲ್ಲಿ ಬ್ರಿಟಿಷರು ಸೋತದ್ದು ಗೋಡೆ ತುಂಬ ಬರೆದಿದೆ. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಅವನ ಹೆಸರಿನ ಸೆರೆಮನೆ ಕೋಟೆಯೊಳಗೇ ಇದೆ. ಟಿಪ್ಪು ಸತ್ತ ಮೇಲೆ ಆರ್ಥರ್ ವೆಲ್ಲೆಸ್ಲಿ ಈ ದರಿಯಾ ದೌಲತ್‌ನಲ್ಲೇ ವಾಸ ಮಾಡಿದ. ಆಮೇಲೆ ಹಳೇ ಗೋವಾದ ಕಥೆಯೇ ಇಲ್ಲೂ. ಜ್ವರ ತಡೆಯಲಾಗದೆ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು, ಅಲ್ಲಿನ ದಂಡು (ಕಂಟೋನ್ಮೆಂಟ್) ಹುಟ್ಟಿದ್ದು ಹಾಗೆ.

ಬೆಂಗಳೂರು ಮೈಸೂರು ನಡುವಿನ ಹಲವು ರೈಲುಗಳು ಇಲ್ಲಿ ನಿಲ್ಲುತ್ತವೆ. ಸ್ಟೇಷನ್ ಇರುವುದು ಕೋಟೆಯ ಒಳಗೇ. ಜೋಡಿ ಹಳಿ ಹಾಕಲು ಅಡ್ಡಬಂತು ಅಂತ 2017ರಲ್ಲಿ ಟಿಪ್ಪುವಿನ ಮದ್ದಿನ ಮನೆಯೊಂದನ್ನು ಒಡೆಯದೆ ಇಡಿಯಾಗಿ ಪಕ್ಕಕ್ಕೆ ಜರುಗಿಸಿದರು. ರೈಲಿಳಿದು ಅದನ್ನೇ ಮೊದಲು ನೋಡಿ. ಆಮೇಲೆ ಕೋಟೆಯೊಳಗಿನದ್ದನ್ನು ನಡೆದು ಮುಗಿಸಿ, ದರಿಯಾ ದೌಲತ್, ಗುಂಬಜ್, ಬ್ರಿಟಿಷ್ ಗ್ಯಾರಿಸನ್ ಸ್ಮಶಾನಕ್ಕೆ ಒಂದು ಆಟೋ ಮಾತಾಡಿ. ಸ್ಮಶಾನ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಆಟೋದವರು ಗುಂಬಜ್ ತೋರಿಸಿ ವಾಪಸ್ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ.